ಹರಿದ ಚಿತ್ರದ ಗಟ್ಟಿ ಜಾಗ

ಕಲಾ ವಿದ್ಯಾರ್ಥಿಗಳ ಶಿಬಿರವೊಂದರಲ್ಲಿ ಆಡಿದ ಮಾತುಗಳಿವು. ಓದುವವರಿಗೆ ಅನುಕೂಲವಾಗಲಿ ಅಂತ ಅಲ್ಲಲ್ಲಿ ಸ್ವಲ್ಪ ತಿದ್ದಿ ಬರೆದಿದ್ದೇನೆ.

ಎಲ್ಲರಿಗೂ ನಮಸ್ಕಾರ. ಬೇಡ ಅಂತ ಮೂಲೆಗಿಟ್ಟ ನಿಮ್ಮದೇ ಒಂದು ಚಿತ್ರ ತನ್ನಿ ಅಂತ ಮೊದಲೇ ತಿಳಿಸಿದ್ದೆ. ಎಲ್ಲರೂ ತಂದಿದ್ದೀರಿ, ಖುಷಿಯಾಯಿತು. ಈಗಲೇ ಸುರುಳಿ ಬಿಚ್ಚಬೇಡಿ. ಕಾಲ ಬಳಿ ಹಾಗೇ ಇರಲಿ. ಕೊನೆಗೆ ಬೇಕಾಗುತ್ತದೆ.

ನಾನೂ ಎರಡು ವಸ್ತು ತಂದಿದ್ದೇನೆ. ಒಂದು ಈ ಕೌದಿ. ಇನ್ನೊಂದು ಮೇಜಿನ ಮೇಲೆ ಬಟ್ಟೆ ಮುಚ್ಚಿಟ್ಟಿದೆ. ಅದನ್ನು ಆಮೇಲೆ ತೋರಿಸುತ್ತೇನೆ.

ಉತ್ತರ ಕರ್ನಾಟಕದವರಿಗೆ ಕೌದಿ ಅಂದರೇನು ಅಂತ ಹೇಳಬೇಕಾಗಿಲ್ಲ. ಬೇರೆ ಕಡೆಯಿಂದ ಬಂದವರಿಗೆ ಒಂದು ಮಾತು. ಹಳೆಯ ಸೀರೆ, ಧೋತರ, ಅಂಗಿ ಎಲ್ಲ ತುಂಡು ಮಾಡಿ, ಪದರ ಪದರವಾಗಿ ಹಾಸಿ, ಕೈಯಲ್ಲೇ ಉದ್ದಕ್ಕೂ ಹೊಲಿಗೆ ಹಾಕಿ ಮಾಡುವ ಹೊದಿಕೆ ಇದು. ಹಳಿಯಾಳ, ಯಲ್ಲಾಪುರದ ಕಡೆ ಸಿದ್ದಿ ಹೆಂಗಸರೂ ಹೊಲಿಯುತ್ತಾರೆ. ಅವರು ನಾಲ್ಕು ಮೂಲೆಗೆ ಬಟ್ಟೆ ಮಡಿಚಿದ ತ್ರಿಕೋನಗಳನ್ನು ಹೂವಿನ ಹಾಗೆ ಇಟ್ಟು ಕೆಲಸ ಮುಗಿಸುತ್ತಾರೆ. ಅವರು ಕೆಂಪಿನ ಪಕ್ಕ ಹಸಿರು, ಹಸಿರಿನ ಪಕ್ಕ ನೇರಳೆ ಇಡುವ ಧೈರ್ಯ ನನಗೆ ಎಷ್ಟೋ ದೊಡ್ಡ ಗ್ಯಾಲರಿಗಳಲ್ಲೂ ಕಂಡಿಲ್ಲ.

ಈ ಕೌದಿ ಹೊಲಿದದ್ದು ನಮ್ಮಜ್ಜಿ. ಅವಳು ಹಳೆ ಸೀರೆಯನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿಯುತ್ತಿದ್ದಳು. ಕೂತು ಕೂತು ಸವೆದ ಕಡೆ ಬಟ್ಟೆ ಜಾಳುಜಾಳಾಗಿ ಕಾಣುತ್ತಿತ್ತು. ಅಲ್ಲಿ ಹಲ್ಲಿನಿಂದ ಕಚ್ಚಿ ಪರ್ರಂತ ಹರಿಯುತ್ತಿದ್ದಳು. ಅಂಚು ಗಟ್ಟಿ ಇದ್ದರೆ ಅದನ್ನು ಬೇರೆ, ಸೆರಗು ಗಟ್ಟಿ ಇದ್ದರೆ ಅದನ್ನು ಬೇರೆ ತೆಗೆದಿಡುತ್ತಿದ್ದಳು. ಒಂದು ಸಲ ಒಂದು ಹೂವಿನ ಸೀರೆ ಹರಿದಳು. ದೊಡ್ಡ ಹೂವೊಂದು ಅರ್ಧಕ್ಕೆ ಸೀಳಿಹೋಯಿತು. ನಾನು ಚಿಕ್ಕವಳು, ಅಳೋಕೆ ಶುರು ಮಾಡಿದೆ. ಅಜ್ಜಿ ತಲೆ ಎತ್ತದೆ ಹೇಳಿದಳು, "ಹೂವು ನೋಡಬ್ಯಾಡ. ಗಟ್ಟಿ ಎಲ್ಲೈತಿ ನೋಡು."

ಆ ಮಾತು ನನಗೆ ಅರ್ಥವಾದದ್ದು ಬಹಳ ವರ್ಷಗಳ ಮೇಲೆ. ಅದೂ ಒಬ್ಬ ಅಮೆರಿಕನ್ ಕಲಾವಿದೆಯ ಕೆಲಸ ನೋಡುವಾಗ.

ಅವರ ಹೆಸರು ಲೀ ಕ್ರಾಸ್ನರ್. 1908ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಹುಟ್ಟಿದವರು. ಗಂಡ ಜಾಕ್ಸನ್ ಪೊಲಾಕ್, ಬಹಳ ಹೆಸರಾದ ಚಿತ್ರಕಾರ. ಪೊಲಾಕ್ ಗೊತ್ತಿರುವವರು ಕೈ ಎತ್ತಿ. ಎಲ್ಲರೂ. ಕ್ರಾಸ್ನರ್ ಗೊತ್ತಿರುವವರು? ಮೂರು ಜನ. ಎಲ್ಲಿ ಹೋಗಿ ಕೇಳಿದರೂ ಇದೇ ಲೆಕ್ಕ, ಪ್ರತಿ ಸಲವೂ ನನಗೆ ಬೇಜಾರಾಗುತ್ತದೆ. ಅದಕ್ಕೇ ಇವತ್ತು ಅವರ ಬಗ್ಗೆ ಸ್ವಲ್ಪ ಜಾಸ್ತಿ ಮಾತಾಡುತ್ತೇನೆ.

1951ರಲ್ಲಿ ನ್ಯೂಯಾರ್ಕಿನ ಬೆಟ್ಟಿ ಪಾರ್ಸನ್ಸ್ ಗ್ಯಾಲರಿಯಲ್ಲಿ ಕ್ರಾಸ್ನರ್ ಅವರ ಪ್ರದರ್ಶನ ನಡೆಯಿತು. 14 ಚಿತ್ರ ಇಟ್ಟಿದ್ದರು. ಒಂದೂ ಮಾರಾಟವಾಗಲಿಲ್ಲ. ಎಲ್ಲ ಕ್ಯಾನ್ವಾಸೂ ಮನೆಗೆ ವಾಪಸ್ ಬಂದವು. ನಿಮ್ಮಲ್ಲಿ ಪ್ರದರ್ಶನ ಮಾಡಿದವರಿಗೆ ಗೊತ್ತು, ತಗೊಂಡು ಹೋದ ಚಿತ್ರ ಅಷ್ಟಕ್ಕಷ್ಟೂ ಹಿಂದಕ್ಕೆ ಬಂದರೆ ಮನೆಯ ಗೋಡೆಗಳೇ ಚಿಕ್ಕದಾದ ಹಾಗೆ ಅನ್ನಿಸುತ್ತದೆ.

ಎರಡು ವರ್ಷ ಕಳೆಯಿತು. 1953. ಲಾಂಗ್ ಐಲೆಂಡ್‌ನ ಸ್ಪ್ರಿಂಗ್ಸ್ ಅನ್ನುವ ಕಡೆ ಅವರ ಮನೆ. ಸ್ಟುಡಿಯೋ ತುಂಬ ಕಪ್ಪು ಬಿಳುಪಿನ ಡ್ರಾಯಿಂಗ್‌ಗಳು, ನೆಲದಿಂದ ಮಾಡಿನ ತನಕ ಗೋಡೆಗೆ ಚುಚ್ಚಿಟ್ಟಿದ್ದರು. ಒಂದು ದಿನ ಒಳಗೆ ಹೋಗಿ ನೋಡಿದರು, ಒಂದೂ ಹಿಡಿಸಲಿಲ್ಲ. ಎಲ್ಲ ಕಿತ್ತು, ಹರಿದು, ನೆಲಕ್ಕೆ ಎಸೆದು ಹೊರಗೆ ಬಂದುಬಿಟ್ಟರು. ಎಷ್ಟೋ ವಾರ ಆ ಬಾಗಿಲು ತೆಗೆಯಲಿಲ್ಲ.

ಆಮೇಲೆ ಒಂದು ದಿನ ತೆಗೆದರು. ನೆಲದ ಮೇಲೆ ಹರಿದ ಚೂರುಗಳ ರಾಶಿ. ನೋಡುತ್ತಾ ನಿಂತವರಿಗೆ ಅದರಲ್ಲಿ ಏನೋ ಇದೆ ಅನ್ನಿಸಿತು. ಒಂದು ಚೂರಿನ ಕಪ್ಪು ಗೆರೆ ಇನ್ನೊಂದು ಚೂರಿನ ಹರಿದ ಅಂಚಿಗೆ ಹೋಗಿ ಮುಟ್ಟಿತ್ತು. ಯಾರೂ ಹಾಗೆ ಇಟ್ಟದ್ದಲ್ಲ, ಬಿದ್ದದ್ದು. ಕೂತು ಅಂಟಿಸೋಕೆ ಶುರು ಮಾಡಿದರು. ಯಾವುದರ ಮೇಲೆ ಅಂಟಿಸಿದರು? 1951ರಲ್ಲಿ ಮಾರಾಟವಾಗದೆ ಬಂದವಲ್ಲ, ಆ ಕ್ಯಾನ್ವಾಸ್‌ಗಳ ಮೇಲೆ. ಗೋಣಿಬಟ್ಟೆಯ ತುಂಡು ಬಂತು, ಪೊಲಾಕ್ ಬೇಡ ಅಂತ ಬಿಟ್ಟ ಚಿತ್ರಗಳ ತುಂಡೂ ಬಂತು. ಮೇಲೆ ಅಲ್ಲಲ್ಲಿ ಎಣ್ಣೆ ಬಣ್ಣ. ಕೆಳಗಿನ ಹಳೆಯ ಚಿತ್ರ ಸಂದಿಯಲ್ಲಿ ಇಣುಕುತ್ತಿರಬೇಕು, ಹಾಗೆ ಜಾಗ ಬಿಟ್ಟರು. ಸೋತ ಡ್ರಾಯಿಂಗು, ಸೋತ ಪೇಂಟಿಂಗು, ಗಂಡನ ಕಸ, ಮೂರೂ ಒಂದೇ ಚೌಕಟ್ಟಿಗೆ ಬಂದವು. 1955ರಲ್ಲಿ ನ್ಯೂಯಾರ್ಕಿನ ಸ್ಟೇಬಲ್ ಗ್ಯಾಲರಿಯಲ್ಲಿ ಇವನ್ನು ತೋರಿಸಿದರು. ಇವತ್ತು ಆ ಕೊಲಾಜ್‌ಗಳು ದೊಡ್ಡ ದೊಡ್ಡ ಮ್ಯೂಸಿಯಂಗಳಲ್ಲಿವೆ.

ಈ ಕಥೆ ಹೇಳುವಾಗ ಜನ ಹರಿದ ಸಿಟ್ಟನ್ನೇ ದೊಡ್ಡದು ಮಾಡುತ್ತಾರೆ. ಹರಿಯೋದೇನು, ಯಾರು ಬೇಕಾದರೂ ಹರಿಯಬಹುದು. ನನ್ನ ಕಣ್ಣು ಹೋಗೋದು ಬಾಗಿಲು ಮುಚ್ಚಿದ್ದ ಆ ವಾರಗಳ ಕಡೆಗೆ. ಹರಿದ ದಿನವೇ ಚೂರು ಕೂಡಿಸಲು ಕೂತಿದ್ದರೆ ಅವರಿಗೆ ಏನು ಕಾಣುತ್ತಿತ್ತು? ಹಾಳಾದ ಡ್ರಾಯಿಂಗೇ ಕಾಣುತ್ತಿತ್ತು. ಇದು ಆ ಚಿತ್ರದ ಎಡಗಡೆ, ಇದು ಇನ್ನೊಂದರ ಕೆಳಗಡೆ ಅಂತ ಕೈ ತಾನೇ ಹಳೆಯದನ್ನು ಜೋಡಿಸೋಕೆ ಹೋಗುತ್ತಿತ್ತು. ಮರೆಯುವಷ್ಟು ದಿನ ಹೋಗಬೇಕು. ಆಗ ಚೂರು ಬರೀ ಚೂರಾಗುತ್ತದೆ.

ಒಂದು ನಿಮಿಷ, ಇಲ್ಲೇ ಮಾಡಿ ತೋರಿಸುತ್ತೇನೆ. ಇದು ನನ್ನದೇ ಹಳೆಯ ಲೈಫ್ ಡ್ರಾಯಿಂಗ್, ಅಂದರೆ ಎದುರಿಗೆ ಕೂತವರನ್ನು ನೋಡಿ ಬರೆದದ್ದು, ಚಾರ್ಕೋಲ್‌ನಲ್ಲಿ, ಇದ್ದಿಲಿನಲ್ಲಿ ಮಾಡಿದ್ದು. ಕೂತ ಹೆಂಗಸು. ಮೊಣಕೈ ನೋಡಿ, ಸರಿ ಬಂದಿಲ್ಲ. ತೋಳು ಉದ್ದವಾಗಿದೆ, ಕೈ ಭುಜಕ್ಕೆ ಸೇರೋದೇ ಇಲ್ಲ. ಚಿತ್ರವಾಗಿ ಇದು ಹೋಯಿತು. ಈಗ ಆ ಮೊಣಕೈ ಇರುವ ಕಡೆ ಇಷ್ಟು ಅಗಲ ಹರಿಯುತ್ತೇನೆ. ಹಿಂದಿನ ಸಾಲಿನವರಿಗೂ ಕಾಣಲಿ, ಮೇಲೆ ಹಿಡಿಯುತ್ತೇನೆ. ಈಗ ಇದನ್ನು ಮೊಣಕೈ ಅಂತ ಯಾರಾದರೂ ಹೇಳುತ್ತೀರಾ? ಇಲ್ಲ ಅಲ್ವಾ. ಒಂದು ಗೆರೆ ಮೇಲಿಂದ ಬರುತ್ತದೆ, ದಪ್ಪಗಾಗುತ್ತದೆ, ಪಟಕ್ಕನೆ ತಿರುಗುತ್ತದೆ, ತಿರುಗಿದ ಮೇಲೆ ತೆಳ್ಳಗಾಗಿ ಹೊರಟುಹೋಗುತ್ತದೆ. ತಿರುಗುವ ಜಾಗದಲ್ಲಿ ನನ್ನ ಬೆರಳು ಉಜ್ಜಿದ ಬೂದಿ ಬಣ್ಣ. ಈ ಗೆರೆಯಲ್ಲಿ ಏನು ತಪ್ಪಿದೆ ಹೇಳಿ? ಏನೂ ತಪ್ಪಿಲ್ಲ. ಮೊಣಕೈ ಆಗು ಅಂತ ನಾನು ಅದರ ಮೇಲೆ ಹೊರಿಸಿದ್ದ ಕೆಲಸ ಅದಕ್ಕೆ ಆಗಿರಲಿಲ್ಲ, ಅಷ್ಟೆ.

ಅಬ್‌ಸ್ಟ್ರಾಕ್ಟ್ ಅಂದರೆ ಏನು, ಅಮೂರ್ತ ಅಂದರೆ ಏನು ಅಂತ ನೀವು ಪುಸ್ತಕದಲ್ಲಿ ಓದುತ್ತೀರಿ. ನನಗೆ ಅದು ಹೀಗೆ ಕೈಯಿಂದ ಅರ್ಥವಾದದ್ದು. ಚಿತ್ರದಿಂದ ಹೂವು ತೆಗೆದ ಮೇಲೆ ಏನು ಗಟ್ಟಿ ಉಳಿಯಿತು, ಅದು.

ಕ್ರಾಸ್ನರ್ ಕಥೆ ಇನ್ನೂ ಮುಗಿದಿಲ್ಲ. 1937ರಿಂದ 1940ರ ತನಕ ಅವರು ಹಾನ್ಸ್ ಹಾಫ್‌ಮನ್ ಅನ್ನುವ ಗುರುಗಳ ಹತ್ತಿರ ಕಲಿತಿದ್ದರು. ಜರ್ಮನಿಯಿಂದ ಬಂದ ಬಹಳ ಪ್ರಭಾವಿ ಮೇಷ್ಟ್ರು. ವಿದ್ಯಾರ್ಥಿಯ ಡ್ರಾಯಿಂಗನ್ನೇ ತಗೊಂಡು ಹರಿದು, ತುಂಡುಗಳನ್ನು ಆಚೀಚೆ ಸರಿಸಿ, ನೋಡು ಈಗ ಹೇಗೆ ಬಿಗಿ ಬಂತು ಅಂತ ತೋರಿಸುವ ಅಭ್ಯಾಸ ಅವರಿಗಿತ್ತು. ಆ ತರಗತಿಯಲ್ಲಿ ಮಾಡಿದ ಚಾರ್ಕೋಲ್ ಚಿತ್ರಗಳ ಒಂದು ಕಟ್ಟು ಕ್ರಾಸ್ನರ್ ಬಳಿ ಹಾಗೇ ಉಳಿದಿತ್ತು. 1970ರ ದಶಕದಲ್ಲಿ, 35 ವರ್ಷಕ್ಕೂ ಹೆಚ್ಚು ಕಾಲ ಕಳೆದ ಮೇಲೆ, ಅದನ್ನು ಬಿಚ್ಚಿ ನೋಡಿದರು.

ಚಾರ್ಕೋಲ್ ಕೆಲಸ ಮಾಡಿದವರಿಗೆ ಇದು ಗೊತ್ತಿರುತ್ತದೆ. ಫಿಕ್ಸೇಟಿವ್, ಅಂದರೆ ಇದ್ದಿಲಿನ ಪುಡಿ ಉದುರದ ಹಾಗೆ ಹಿಡಿದಿಡುವ ದ್ರಾವಣ, ಹೊಡೆಯದೆ ಹಾಳೆಗಳನ್ನು ಒಂದರ ಮೇಲೊಂದು ಪೇರಿಸಿಟ್ಟರೆ, ಕೆಳಗಿನ ಚಿತ್ರ ಮೇಲಿನ ಹಾಳೆಯ ಬೆನ್ನಿಗೆ ಅಂಟುತ್ತದೆ. ಕನ್ನಡಿಯಲ್ಲಿ ಕಂಡ ಹಾಗೆ, ಎಡಬಲ ಅದಲು ಬದಲಾಗಿ, ಮಸುಕಾಗಿ. ಕ್ರಾಸ್ನರ್ ಹಾಳೆಗಳಲ್ಲೂ ಹಾಗೇ ಆಗಿತ್ತು. ಅವರು ಬರೆದದ್ದು ಒಂದು ಚಿತ್ರ, ಕಾಲ ಬರೆದದ್ದು ಇನ್ನೊಂದು. ಎರಡನ್ನೂ ತಗೊಂಡರು. ಈ ಸಲ ಕೈಯಿಂದ ಹರಿಯಲಿಲ್ಲ. ಕತ್ತರಿ ಹಿಡಿದು ಚೂಪು ಚೂಪಾಗಿ ಕತ್ತರಿಸಿದರು. ದೊಡ್ಡ ಕ್ಯಾನ್ವಾಸಿನ ಮೇಲೆ ಅಂಟಿಸಿದರು. 1977ರಲ್ಲಿ ನ್ಯೂಯಾರ್ಕಿನ ಪೇಸ್ ಗ್ಯಾಲರಿಯಲ್ಲಿ 11 ಕೃತಿ ತೋರಿಸಿದರು. 'ನೋಡು' ಅನ್ನುವ ಕ್ರಿಯಾಪದವನ್ನು ಬಳಸುವ 11 ಬಗೆ ಅಂತ ಇಡೀ ಸರಣಿಗೆ ಹೆಸರು. ಒಂದೊಂದು ಚಿತ್ರಕ್ಕೆ ವ್ಯಾಕರಣದ ಒಂದೊಂದು ರೂಪದ ಹೆಸರು. ಒಂದರ ಹೆಸರು ವಿಧ್ಯರ್ಥ, ಅಂದರೆ 'ನೋಡು' ಅಂತ ಹೇಳುವ ರೂಪ. ಆ ಚಿತ್ರ ವಾಷಿಂಗ್ಟನ್‌ನ ನ್ಯಾಷನಲ್ ಗ್ಯಾಲರಿಯಲ್ಲಿದೆ.

ನೋಡಿದೆ, ನೋಡುತ್ತೇನೆ, ನೋಡುವೆ, ನೋಡಿದ್ದರೆ. ನಾವು ಇದನ್ನು ಶಾಲೆಯಲ್ಲಿ ಬಾಯಿಪಾಠ ಮಾಡಿ ಮರೆತೆವು. 70ರ ಹತ್ತಿರ ಬಂದ ಒಬ್ಬ ಕಲಾವಿದೆ ತನ್ನ 30ರ ವಯಸ್ಸಿನ ಚಿತ್ರಗಳನ್ನು ಕತ್ತರಿಸುತ್ತಾ ಆ ಹೆಸರು ಕೊಟ್ಟರು. ಅದನ್ನು ನೆನೆದರೆ ಇವತ್ತಿಗೂ ನನಗೆ ಮೈ ಜುಮ್ ಅನ್ನುತ್ತದೆ.

ಹಳೆಯ ಚಿತ್ರದ ಮೇಲೆ ಹೊಸದು ಬರೆದವರು ಬಹಳ ಜನ ಇದ್ದಾರೆ, ಆದರೆ ಕಾರಣ ಬೇರೆ. ವ್ಯಾನ್ ಗೋ 1887ರಲ್ಲಿ ಬರೆದ ಒಂದು ಹುಲ್ಲಿನ ಚಿತ್ರದ ಕೆಳಗೆ ಒಬ್ಬ ರೈತ ಹೆಂಗಸಿನ ಮುಖ ಇದೆ ಅಂತ 2008ರಲ್ಲಿ ಎಕ್ಸ್-ರೇಯಿಂದ ಚೆನ್ನಾಗಿ ಗೊತ್ತಾಯಿತು. ಪಿಕಾಸೊನ ನೀಲಿ ಬಣ್ಣದ ಮುದುಕ ಗಿಟಾರ್‌ವಾದಕನ ಕೆಳಗೂ ಒಬ್ಬ ಹೆಂಗಸು ಇದ್ದಾಳೆ. ಕ್ಯಾನ್ವಾಸಿಗೆ ದುಡ್ಡಿಲ್ಲ, ಹಳೆಯದರ ಮೇಲೇ ಬರೆದರು. ನಮ್ಮ ಶಿಲ್ಪಿ, ಚಿತ್ರಕಾರ ರಾಮಕಿಂಕರ್ ಬೈಜ್ ಶಾಂತಿನಿಕೇತನದಲ್ಲಿ ಸೋರುವ ಮಾಡಿಗೆ ತಮ್ಮ ಕ್ಯಾನ್ವಾಸ್‌ಗಳನ್ನೇ ಅಡ್ಡ ಕಟ್ಟಿದ್ದರು. ಅದು ಬಡತನದ ಕಥೆ, ಕೇಳಿದರೆ ಹೊಟ್ಟೆ ಉರಿಯುತ್ತದೆ. ನಾನು ಹೇಳುತ್ತಿರುವ ಕೆಲಸದಲ್ಲಿ ಹಳೆಯದು ಮುಚ್ಚಿಹೋಗಬಾರದು. ಅದು ಕಾಣಬೇಕು, ಕೊನೇಪಕ್ಷ ಅದರ ಉಬ್ಬು ಕೈಗೆ ಸಿಗಬೇಕು.

ಈಗ ಶಿಲ್ಪಕ್ಕೆ ಬರೋಣ.

ಫ್ರಾನ್ಸಿನ ಶಿಲ್ಪಿ ರೋಡಿನ್ ಅಂದರೆ ನಿಮಗೆ ಗಲ್ಲಕ್ಕೆ ಕೈ ಇಟ್ಟು ಯೋಚಿಸುವ ಮನುಷ್ಯ ನೆನಪಾಗುತ್ತಾನೆ. ನನಗೆ ನೆನಪಾಗೋದು ಅವರ ಡ್ರಾಯರ್‌ಗಳು. ಪ್ಯಾರಿಸ್ ಹತ್ತಿರದ ಮ್ಯೂಡನ್‌ನ ಮನೆಯಲ್ಲಿ ಪ್ಲಾಸ್ಟರಿನ ಕೈ, ಕಾಲು, ಪಾದ, ತಲೆಗಳನ್ನು ರಾಶಿ ರಾಶಿ ಇಟ್ಟುಕೊಂಡಿದ್ದರು. ಯಾವುದೋ ಶಿಲ್ಪಕ್ಕೆ ಮಾಡಿ ಉಳಿದವು, ಸರಿ ಬರಲಿಲ್ಲ ಅಂತ ಬಿಟ್ಟವು. ಅವಕ್ಕೆ ಅವರು ಇಟ್ಟ ಹೆಸರು 'ಅಬಾತಿ'. ಫ್ರೆಂಚಿನಲ್ಲಿ ಹಾಗಂದರೆ ಕೋಳಿ ಕಡಿದ ಮೇಲೆ ಉಳಿಯುವ ಕಾಲು, ಕುತ್ತಿಗೆ, ರೆಕ್ಕೆ. ನಮ್ಮಲ್ಲಿ ಅದರದ್ದೇ ರುಚಿಯಾದ ಸಾರು ಮಾಡುತ್ತಾರಲ್ಲ, ರೋಡಿನ್ ಕೂಡ ಅದನ್ನೇ ಮಾಡಿದರು. ಒಂದು ಕೈಯನ್ನು ಬೇರೆ ಮೈಗೆ, ಒಂದು ತಲೆಯನ್ನು ಬೇರೆ ಗುಂಪಿಗೆ ಜೋಡಿಸಿ ಹೊಸ ಶಿಲ್ಪ ಮಾಡುತ್ತಿದ್ದರು. ತಾವು ಸಂಗ್ರಹಿಸಿದ್ದ ಪುರಾತನ ಕಾಲದ ಮಡಕೆಗಳೊಳಗೂ ಪುಟ್ಟ ಪುಟ್ಟ ಪ್ಲಾಸ್ಟರ್ ಗೊಂಬೆಗಳನ್ನು ನಿಲ್ಲಿಸಿದರು.

ಅವರ 'ನಡೆಯುವ ಮನುಷ್ಯ' ಹುಟ್ಟಿದ್ದೂ ಹೀಗೇ. ಸಂತ ಯೋಹಾನನ ಶಿಲ್ಪಕ್ಕಾಗಿ 1878ರ ಸುಮಾರಿಗೆ ಮಾಡಿದ ಒಂದು ಮುಂಡ ಇತ್ತು, ಬಿರುಕು ಬಿಟ್ಟಿತ್ತು. ಎಷ್ಟೋ ವರ್ಷದ ಮೇಲೆ ಅದಕ್ಕೆ ಕಾಲು ಜೋಡಿಸಿದರು. ತಲೆ ಇಲ್ಲ, ಕೈ ಇಲ್ಲ. ಬಿರುಕುಗಳನ್ನು ಮುಚ್ಚಲೂ ಇಲ್ಲ. 1900ರಲ್ಲಿ ಪ್ಯಾರಿಸ್‌ನಲ್ಲಿ ಅದನ್ನು ಎತ್ತರದ ಕಂಬದ ಮೇಲೆ ಇಟ್ಟು ತೋರಿಸಿದರು. ಅದರ ಮುಂದೆ ನಿಂತರೆ ಮನುಷ್ಯ ಯಾರು ಅನ್ನೋ ಪ್ರಶ್ನೆ ಬರೋದೇ ಇಲ್ಲ. ನಡಿಗೆ ಮಾತ್ರ ಉಳಿದಿದೆ. ಎರಡು ಕಾಲೂ ನೆಲಕ್ಕೆ ಊರಿವೆ, ಆದರೂ ಅದು ನಡೆಯುತ್ತಿದೆ.

ಇಷ್ಟು ಹೊತ್ತು ಹೇಳಿದ್ದೆಲ್ಲ ತಮ್ಮ ತಮ್ಮ ಕೆಲಸವನ್ನು ತಾವೇ ಒಡೆದವರ ಮಾತು. ಇನ್ನೊಬ್ಬರ ಕೆಲಸ ನಿಮ್ಮ ಕೈಗೆ ಸಿಕ್ಕರೆ? ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗಬೇಕು.

1953ರಲ್ಲೇ, ಕ್ರಾಸ್ನರ್ ತಮ್ಮ ಡ್ರಾಯಿಂಗ್ ಹರಿದ ವರ್ಷವೇ, ರಾಬರ್ಟ್ ರೌಶೆನ್‌ಬರ್ಗ್ ಅನ್ನುವ ಹುಡುಗ ಆಗ ಬಹಳ ದೊಡ್ಡ ಹೆಸರಾಗಿದ್ದ ಚಿತ್ರಕಾರ ವಿಲ್ಲೆಮ್ ಡಿ ಕೂನಿಂಗ್ ಬಾಗಿಲು ತಟ್ಟಿದ. ನಿಮ್ಮದೊಂದು ಡ್ರಾಯಿಂಗ್ ಕೊಡಿ, ಅಳಿಸಬೇಕು ಅಂದ. ಡಿ ಕೂನಿಂಗ್ ಅವರಿಗೆ ಇದು ಅಷ್ಟೇನೂ ಇಷ್ಟವಾಗಲಿಲ್ಲ, ಆದರೂ ಕೊಟ್ಟರು. ಹಾಗಂತ ಕಸದ ಬುಟ್ಟಿಯಿಂದ ತೆಗೆದು ಕೊಡಲಿಲ್ಲ. ಕೊಟ್ಟರೆ ತನಗೇ ಕೊರತೆ ಅನ್ನಿಸಬೇಕು, ಅಳಿಸೋಕೂ ಕಷ್ಟವಾಗಬೇಕು, ಅಂಥದ್ದನ್ನೇ ಹುಡುಕಿ ಕೊಟ್ಟರು. ಅಳಿಸಿ ಮುಗಿಸೋಕೆ ರೌಶೆನ್‌ಬರ್ಗ್‌ಗೆ ವಾರಗಟ್ಟಲೆ ಹಿಡಿಯಿತು. ಆ ಹಾಳೆ ಈಗ ಸ್ಯಾನ್ ಫ್ರಾನ್ಸಿಸ್ಕೊದ ಆಧುನಿಕ ಕಲೆಯ ಮ್ಯೂಸಿಯಂನಲ್ಲಿದೆ. ಅಳಿಸಿದ ಹಾಳೆಗಿಂತ ಆ ಕೇಳಿದ್ದು, ಆ ಕೊಟ್ಟದ್ದು ನನಗೆ ದೊಡ್ಡದಾಗಿ ಕಾಣುತ್ತದೆ.

ಡೆನ್ಮಾರ್ಕಿನ ಚಿತ್ರಕಾರ ಆಸ್ಗರ್ ಯಾರ್ನ್ ಯಾರನ್ನೂ ಕೇಳಲಿಲ್ಲ. ಕೇಳೋಕೆ ಯಾರೂ ಇರಲೂ ಇಲ್ಲ. ಅವರು ಪ್ಯಾರಿಸ್‌ನ ಸಂತೆಗಳಲ್ಲಿ ಹಳೆ ಸಾಮಾನಿನ ಜೊತೆ ಬಿಕರಿಗೆ ಬರುವ ಚಿತ್ರಗಳನ್ನು ಕೊಳ್ಳುತ್ತಿದ್ದರು. ಗುಡಿಸಲು, ಕೆರೆ, ಸಂಜೆಯ ಆಕಾಶ, ಯಾರೋ ಹೆಸರಿಲ್ಲದವರು ಬರೆದದ್ದು. ಅದರ ಮೇಲೆ ತಮ್ಮ ಒರಟು ಬಣ್ಣ ಹಾಕುತ್ತಿದ್ದರು. 1959ರಲ್ಲಿ ಪ್ಯಾರಿಸ್‌ನಲ್ಲಿ ಇವುಗಳ ಪ್ರದರ್ಶನ ಮಾಡಿದರು. ಅದರಲ್ಲಿ ಒಂದು ಚಿತ್ರ ನನಗೆ ಬಹಳ ಇಷ್ಟ. ತಣ್ಣಗೆ ಮಲಗಿದ ಕೆರೆ, ದಡದಲ್ಲಿ ಹಳ್ಳಿಮನೆ. ಅದರ ಮುಂದೆ ಮನೆಗಿಂತ ದೊಡ್ಡದಾಗಿ, ಕೆಂಪು, ಹಳದಿ, ನೀಲಿ ಬಣ್ಣ ಕಲಸಿ ಮೆತ್ತಿದ ಹಾಗೆ ಒಂದು ಬಾತುಕೋಳಿ. ಹತ್ತಿರ ಹೋದರೆ ಕೋಳಿ ಮಾಯವಾಗಿ ಬರೀ ಬಣ್ಣದ ಉಂಡೆ ಕಾಣುತ್ತದೆ, ಆದರೆ ಕೆರೆ ಕೆರೆಯಾಗೇ ಇರುತ್ತದೆ. ಯಾರ್ನ್ ಆ ಹಳೆಯ ಚಿತ್ರಗಳನ್ನು ಹೀಯಾಳಿಸಲು ಹೀಗೆ ಮಾಡಲಿಲ್ಲ. ಅಂಥ ಸಾಮಾನ್ಯ ಚಿತ್ರಗಳ ಮೇಲೆ ಅವರಿಗೆ ಪ್ರೀತಿ ಇತ್ತು, ಅದರ ಬಗ್ಗೆ ಬರೆದೂ ಇದ್ದಾರೆ.

ಆ ಬಾತುಕೋಳಿ ಚಿತ್ರ ಡೆನ್ಮಾರ್ಕಿನ ಸಿಲ್ಕೆಬೋರ್‌ನಲ್ಲಿ ಯಾರ್ನ್ ಹೆಸರಿನ ಮ್ಯೂಸಿಯಂನಲ್ಲಿದೆ. 2022ರಲ್ಲಿ ಒಬ್ಬರು ಅಲ್ಲಿಗೆ ಬಂದು ಅದರ ಮೇಲೆ ತಮ್ಮ ಫೋಟೊ ಅಂಟಿಸಿ, ಮಾರ್ಕರ್‌ನಲ್ಲಿ ಸಹಿ ಹಾಕಿದರು. ಪೊಲೀಸರು ಹಿಡಿದರು. ಕೆಲವರು ಕೇಳಿದರು, ಯಾರ್ನ್ ಮಾಡಿದ್ದೂ ಇದೇ ಅಲ್ವಾ ಅಂತ. ನಾನು ಒಪ್ಪುವುದಿಲ್ಲ. ಯಾರ್ನ್ ಮುಟ್ಟಿದ ಚಿತ್ರ ಬೀದಿಗೆ ಬಂದಿತ್ತು, ಅದನ್ನು ನೋಡುವವರು ಯಾರೂ ಇರಲಿಲ್ಲ. ಇವರು ಮುಟ್ಟಿದ್ದನ್ನು ದಿನಾ ಜನ ನೋಡುತ್ತಿದ್ದರು. ಆದರೂ ಕೆರೆ ಬರೆದ ಆ ಹೆಸರಿಲ್ಲದವರ ಮನೆಯವರು ಯಾರಾದರೂ ಬಂದು ಕೇಳಿದ್ದರೆ ಯಾರ್ನ್ ಏನು ಹೇಳುತ್ತಿದ್ದರು ಅನ್ನೋ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ನಮ್ಮ ದೇಶದ ಒಂದು ಪ್ರಕರಣ ನೀವೆಲ್ಲ ತಿಳಿದಿರಲೇಬೇಕು. ಶಿಲ್ಪಿ ಅಮರನಾಥ ಸೆಹಗಲ್ ದೆಹಲಿಯ ವಿಜ್ಞಾನ ಭವನಕ್ಕೆ ಕಂಚಿನ ಒಂದು ಉಬ್ಬುಶಿಲ್ಪ ಮಾಡಿದ್ದರು. 140 ಅಡಿ ಉದ್ದ, 40 ಅಡಿ ಎತ್ತರ. ಹಳ್ಳಿಯ ಬದುಕು ಅದರ ವಸ್ತು. 1979ರಲ್ಲಿ ಕಟ್ಟಡ ನವೀಕರಣ ಅಂತ ಅದನ್ನು ಕಿತ್ತು ಉಗ್ರಾಣಕ್ಕೆ ಹಾಕಿದರು. ಸೆಹಗಲ್ ಅವರನ್ನು ಕೇಳಲಿಲ್ಲ. ಕಿತ್ತ ರೀತಿಗೆ ಶಿಲ್ಪ ಹಾಳಾಯಿತು, ಕೆಲವು ಭಾಗ ಕಳೆದೂ ಹೋಯಿತು. ಅವರು ಕೋರ್ಟಿಗೆ ಹೋದರು. 2005ರಲ್ಲಿ ದೆಹಲಿ ಹೈಕೋರ್ಟ್ ತೀರ್ಪು ಕೊಟ್ಟಿತು. ಉಳಿದ ಭಾಗಗಳನ್ನು ಶಿಲ್ಪಿಗೆ ವಾಪಸ್ ಕೊಡಬೇಕು, ಜೊತೆಗೆ 5 ಲಕ್ಷ ರೂಪಾಯಿ ಪರಿಹಾರ. ಕೃತಿಸ್ವಾಮ್ಯ ಕಾಯ್ದೆಯ 57ನೇ ಸೆಕ್ಷನ್ ಇದಕ್ಕೆ ಆಧಾರ. ಮಾರಿದ ಮೇಲೂ ಕೃತಿಯ ಜೊತೆ ಕಲಾವಿದನ ನಂಟು ಉಳಿಯುತ್ತದೆ ಅಂತ ಅದು ಹೇಳುತ್ತದೆ. ಹಾಗಾಗಿ ಗುಜರಿಯಲ್ಲಿ ಸಿಕ್ಕಿತು, ದುಡ್ಡು ಕೊಟ್ಟೆ, ನನ್ನದಾಯಿತು ಅನ್ನೋಕೆ ಮುಂಚೆ ಎರಡು ಸಲ ಯೋಚಿಸಿ. ಹಿಂದೆ ಸಹಿ ಇದೆಯಾ ನೋಡಿ. ಇದ್ದರೆ ಹುಡುಕಿ, ಕೇಳಿ.

ಈಗ ಬಟ್ಟೆ ತೆಗೆಯುತ್ತೇನೆ.

ಇದು ನಾಲ್ಕು ಪ್ಲಾಸ್ಟರ್ ತುಂಡು ಸೇರಿಸಿ ಮಾಡಿದ ಶಿಲ್ಪ. ಎಲ್ಲ ಬಿಳಿ, ಬಣ್ಣ ಹಚ್ಚಿಲ್ಲ. ನಾನು ಹಿಂದೆ ಕೆಲಸ ಮಾಡುತ್ತಿದ್ದ ಒಂದು ಕಾಲೇಜಿನಲ್ಲಿ ವರ್ಷದ ಕೊನೆಗೆ ಮಕ್ಕಳ ಪ್ಲಾಸ್ಟರ್ ಕೆಲಸವನ್ನೆಲ್ಲ ಹಿತ್ತಲಿಗೆ ಸುರಿಯುತ್ತಿದ್ದರು. ಜಾಗ ಇಲ್ಲ ಅನ್ನೋದು ಕಾರಣ. ಮೂರು ವರ್ಷ ಕಷ್ಟಪಟ್ಟ ಕೆಲಸ ಮಳೆಯಲ್ಲಿ ನೆನೆಯುತ್ತಾ ಬಿದ್ದಿರೋದು ನೋಡಿದರೆ ಊಟ ಸೇರುತ್ತಿರಲಿಲ್ಲ. ಹಾಗೆ ಒಂದು ದಿನ ಅಲ್ಲಿಂದ ಎತ್ತಿ ತಂದದ್ದು ಈ ಪಾದ. ಪಾದ ಅಂತ ನಾನು ಹೇಳಿದ ಮೇಲೆ ಕಾಣುತ್ತಿದೆ ಅಲ್ವಾ? ಹಿಮ್ಮಡಿ ಒಡೆದುಹೋಗಿತ್ತು. ಹೆಬ್ಬೆರಳು ಮೊದಲೇ ಲೆಕ್ಕ ತಪ್ಪಿತ್ತು. ಆದರೆ ಅಂಗಾಲಿನ ಬಾಗು ನೋಡಿ. ಮಾಡಿದ ಹುಡುಗ ಅಲ್ಲಿ ಬಹಳ ಹೊತ್ತು ಕೂತಿದ್ದಾನೆ. ತಿರುಗಿಸಿ ಮೇಲ್ಮುಖ ಮಾಡಿದೆ, ಪಾದ ಹೋಗಿ ತೊಟ್ಟಿಲಿನಂಥ ಒಂದು ತಗ್ಗು ಬಂತು. ಅದೇ ರಾಶಿಯಲ್ಲಿ ಸಿಕ್ಕ ಭುಜದ ತುಂಡು, ಒಂದು ಮಂಡಿ, ಒಂದು ಉಬ್ಬುಶಿಲ್ಪದ ಮೂಲೆ. ನಾಲ್ಕರಲ್ಲೂ ಬಾಗು ಇತ್ತು. ಬಾಗಿಗೆ ಬಾಗು ಸೇರಿಸುತ್ತಾ ಹೋದೆ.

ಮೊದಲ ಸಲ ಜೋಡಿಸಿದಾಗ ರಾತ್ರಿ ಕಳೆಯೋದರೊಳಗೆ ಕಳಚಿ ಬಿತ್ತು. ಒಣಗಿದ ಹಳೆ ಪ್ಲಾಸ್ಟರಿಗೆ ಹಸಿ ಪ್ಲಾಸ್ಟರ್ ಹಚ್ಚಿದರೆ ಹಳೆಯದು ಹೊಸದರ ನೀರನ್ನೆಲ್ಲ ಕುಡಿದುಬಿಡುತ್ತದೆ. ಹೊಸದು ಗಟ್ಟಿಯಾಗೋಕೆ ನೀರೇ ಉಳಿಯುವುದಿಲ್ಲ, ಪುಡಿಪುಡಿಯಾಗುತ್ತದೆ. ಹಳೆಯ ತುಂಡನ್ನು ಬಕೆಟ್ ನೀರಲ್ಲಿ ಮುಳುಗಿಸಿಡಿ. ಗುಳುಗುಳು ಗುಳ್ಳೆ ಬರುತ್ತದೆ. ಗುಳ್ಳೆ ನಿಂತ ಮೇಲೆ ತೆಗೆದು, ಸೇರುವ ಜಾಗವನ್ನು ಚಾಕುವಿನಿಂದ ಗೀರಿ ಒರಟು ಮಾಡಿ, ಆಮೇಲೆ ಹಚ್ಚಿ. ಭಾರ ಇದ್ದರೆ ಒಳಗೊಂದು ಸರಳು ಕೊಡಿ.

ಅಂಗಾಲಿನಲ್ಲಿ 14 ಅಂತ ಕೆತ್ತಿತ್ತು. ರೋಲ್ ನಂಬರ್. ಯಾವ ಬ್ಯಾಚ್ ಅಂತ ಅಂದಾಜಿತ್ತು. ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ಕೇಳಿದೆ, ಸಿಕ್ಕಿದ. ಈಗ ಫ್ಲೆಕ್ಸ್ ಅಂಗಡಿ ಇಟ್ಟುಕೊಂಡಿದ್ದಾನೆ. ಫೋನ್ ಮಾಡಿ ವಿಷಯ ಹೇಳಿದೆ. ಸ್ವಲ್ಪ ಹೊತ್ತು ಸುಮ್ನಿದ್ದ. "ಅದು ಇನ್ನೂ ಐತೇನ್ರೀ ಮೇಡಂ?" ಅಂದ. ಆಮೇಲೆ, "ಅದಕ್ಕ ಭಾಳ ಕಡಿಮಿ ಮಾರ್ಕ್ಸ್ ಬಂದಿತ್ರೀ" ಅಂದ. ಆ ಮಾರ್ಕ್ಸ್ ಕೊಟ್ಟವಳು ನಾನೇ. ಹೆಬ್ಬೆರಳು ನೋಡಿದ್ದೆ, ಬಾಗು ನೋಡಿರಲಿಲ್ಲ. ಅದನ್ನು ಅವನಿಗೆ ಹೇಳಿದೆ. ಬಳಸಿಕೊಳ್ಳಲಾ ಅಂತ ಕೇಳಿದೆ. ಒಪ್ಪಿದ, ಒಂದೇ ಷರತ್ತು, ನಂಬರ್ ಅಳಿಸಬಾರದು. ಅಳಿಸಿಲ್ಲ. ತಿರುಗಿಸಿ ಇಟ್ಟಿದ್ದರಿಂದ ಈಗ ಅದು ಮೇಲೇ ಬಂದಿದೆ. ಮುಂದಿನ ಸಾಲಿನವರು ಎದ್ದು ಬಂದು ನೋಡಿ.

ಮನೆಗೆ ಹೋಗಿ ಮಾಡುವವರಿಗೆ ಇನ್ನೆರಡು ಮಾತು. ಹಳೆಯ ಎಣ್ಣೆ ಬಣ್ಣದ ಚಿತ್ರದ ಮೇಲೆ ಅಕ್ರಿಲಿಕ್, ಅಂದರೆ ನೀರಲ್ಲಿ ಕಲಸುವ ಪ್ಲಾಸ್ಟಿಕ್ ಬಣ್ಣ, ಹಾಕಬೇಡಿ, ಕಾಲ ಕಳೆದ ಹಾಗೆ ಸಿಪ್ಪೆಯ ಹಾಗೆ ಏಳಬಹುದು. ಅಕ್ರಿಲಿಕ್ ಮೇಲೆ ಎಣ್ಣೆ ಬಣ್ಣ ಹಾಕಬಹುದು. ಎಣ್ಣೆಯ ಮೇಲೆ ಎಣ್ಣೆಯೇ ಹಾಕುವುದಾದರೂ ಮೊದಲು ಧೂಳು, ಜಿಡ್ಡು ಒರೆಸಿ, ಉಪ್ಪುಕಾಗದದಿಂದ ಹಗುರವಾಗಿ ಉಜ್ಜಿ. ಉಜ್ಜುವಾಗ ಮೂಗಿಗೆ ಮಾಸ್ಕ್ ಇರಲಿ, ಹಳೆಯ ಬಣ್ಣಗಳಲ್ಲಿ ಸೀಸ ಇರಬಹುದು. ಸುಡದ ಮಣ್ಣಿನ ಕೆಲಸ ಬೇಡವಾದರೆ ಪೂರ್ತಿ ಒಣಗಲು ಬಿಟ್ಟು ನೀರಿಗೆ ಹಾಕಿ. ಅರೆ ಹಸಿ ಇದ್ದರೆ ಕರಗೋಕೆ ತಡವಾಗುತ್ತದೆ, ಪೂರ್ತಿ ಒಣಗಿದ್ದರೆ ತಾನಾಗೇ ಕುಸಿದು ಮತ್ತೆ ಮೆತ್ತಗಾಗುತ್ತದೆ. ಸುಟ್ಟ ಮಣ್ಣು ಹಾಗೆ ಕರಗುವುದಿಲ್ಲ, ಅದನ್ನು ಒಡೆದೇ ಬಳಸಬೇಕು.

ಸರಿ, ಈಗ ಕಾಲ ಬಳಿ ಇರುವ ಸುರುಳಿ ಬಿಚ್ಚಿ. ಮೊಬೈಲಿನಲ್ಲಿ ಒಂದು ಫೋಟೊ ತೆಗೆದುಕೊಳ್ಳಿ, ಆಮೇಲೆ ಬೇಕಾದರೆ ಇರಲಿ. ಚಿತ್ರ ಮುಖ ಕೆಳಗೆ ಮಾಡಿ ಮೇಜಿನ ಮೇಲೆ ಹಾಸಿ. ಬೆನ್ನಿನ ಕಡೆಯಿಂದ ಹರಿಯಿರಿ. ಯಾವ ಭಾಗ ಹರಿಯುತ್ತಿದೆ ಅಂತ ನಿಮಗೇ ಗೊತ್ತಾಗಬಾರದು. ಅಂಗೈಯಷ್ಟು ಅಗಲ ಸಾಕು. ತೀರಾ ಚಿಕ್ಕದು ಮಾಡಿದರೆ ಗೆರೆ ಸತ್ತುಹೋಗುತ್ತದೆ.

ಫೆವಿಕಾಲ್ ಎಲ್ಲಿ ಅಂತ ಯಾರೋ ಕೇಳಿದರು. ಇವತ್ತು ತಂದಿಲ್ಲ, ಬೇಕಂತಲೇ ತಂದಿಲ್ಲ. ಮೂಲೆಯಲ್ಲಿ ಬಟ್ಟೆ ಚೀಲಗಳಿವೆ, ಒಬ್ಬೊಬ್ಬರು ಒಂದೊಂದು ತಗೊಳ್ಳಿ. ಚೂರುಗಳನ್ನು ಅದರಲ್ಲಿ ಹಾಕಿ, ಬಾಯಿ ಕಟ್ಟಿ, ಮೇಲೆ ಇವತ್ತಿನ ತಾರೀಖು ಬರೆಯಿರಿ. ಮಂಚದ ಕೆಳಗೆ ತಳ್ಳಿಬಿಡಿ. ಮೂರು ವಾರ ಆದ ಮೇಲೆ ಭಾನುವಾರ ಬೆಳಗ್ಗೆ 10 ಗಂಟೆಗೆ ಇಲ್ಲೇ ಸೇರೋಣ. ಆವತ್ತು ಅಂಟು ನಾನು ತರುತ್ತೇನೆ.